ಸ್ಟಿಕ್ಕರ್ ಅಂಟಿಸಿದರೆ ಗಿಟಾರ್ ಉಳಿಯುವುದಿಲ್ಲ

ಮನೆ ಬದಲಿಸುವವರ ಸಾಮಾನು ಪಟ್ಟಿಯಲ್ಲಿ ಗಿಟಾರ್‌ಗೆ ಸಿಗುವುದು ಒಂದೇ ಸಾಲು. ಫ್ರಿಜ್ ಒಂದು, ವಾಷಿಂಗ್ ಮಷೀನ್ ಒಂದು, ಮಂಚ ಎರಡು, ಗಿಟಾರ್ ಒಂದು. ಪಕ್ಕದ ಬೆಲೆಯ ಕಾಲಂ ಖಾಲಿ. ಪ್ಯಾಕಿಂಗ್ ಹುಡುಗರು ಅದಕ್ಕೆ ಎರಡು ಸುತ್ತು ಬಬಲ್ ರ‍್ಯಾಪ್ ಸುತ್ತಿ, ಟೇಪ್ ಎಳೆದು, ಮೇಲೊಂದು ‘ಫ್ರಜೈಲ್’ ಸ್ಟಿಕ್ಕರ್ ಅಂಟಿಸಿ, ಹಾಸಿಗೆಗೂ ಬೀರುವಿಗೂ ನಡುವೆ ಸಿಕ್ಕ ಸಂದಿಗೆ ತುರುಕುತ್ತಾರೆ. ಬೆಂಗಳೂರಿನಿಂದ ಗುರುಗ್ರಾಮಕ್ಕೆ ಎರಡು ಸಾವಿರ ಕಿಲೊಮೀಟರ್‌ಗೂ ಹೆಚ್ಚು ದಾರಿ. ಲಾರಿ ಮುಟ್ಟಲು ನಾಲ್ಕೈದು ದಿನವಾದರೂ ಬೇಕು. ಅಲ್ಲಿ ಕಟ್ಟು ಬಿಚ್ಚಿದಾಗ ಕುತ್ತಿಗೆ ಮುರಿದಿದ್ದರೆ ಮನೆಯವರು ಹಣೆಬರಹ ಎನ್ನುತ್ತಾರೆ. ಸಾಗಣೆಯವರು ‘ನಾವು ಹುಷಾರಾಗೇ ಹಾಕಿದ್ವಿ ಸಾರ್’ ಎನ್ನುತ್ತಾರೆ.

ಇಲ್ಲಿ ಹಣೆಬರಹದ ಮಾತು ಸಲ್ಲದು. ಗಿಟಾರ್ ಎಲ್ಲಿ ಮುರಿಯುತ್ತದೆ, ಯಾಕೆ ಮುರಿಯುತ್ತದೆ ಎಂಬುದು ಅದನ್ನು ಮಾಡುವವರಿಗೂ ರಿಪೇರಿ ಮಾಡುವವರಿಗೂ ದಶಕಗಳಿಂದ ಗೊತ್ತು. ತಡೆಯುವ ದಾರಿಯೂ ಗೊತ್ತು, ಅದರ ಖರ್ಚೂ ದೊಡ್ಡದಲ್ಲ. ಆದರೂ ವಾದ್ಯಗಳು ಒಡೆಯುತ್ತಲೇ ಇವೆ ಎಂದರೆ ಅರ್ಧ ತಪ್ಪು ಮಾಲೀಕರ ಉದಾಸೀನದ್ದು. ಇನ್ನರ್ಧ, ವಾದ್ಯವನ್ನು ಮಾಮೂಲಿ ಲಗೇಜಿನ ಲೆಕ್ಕಕ್ಕೆ ಸೇರಿಸುವ ಸಾಗಣೆ ಕಂಪನಿಗಳದ್ದು ಮತ್ತು ಅವುಗಳಿಗೊಂದು ಸ್ಪಷ್ಟ ನಿಯಮ ಹಾಕದ ಸರ್ಕಾರದ್ದು.

ಉಕ್ಕಿನ ತಂತಿಯ ಅಕೂಸ್ಟಿಕ್ ಗಿಟಾರ್ ಸುಮ್ಮನೆ ಗೋಡೆಗೆ ಒರಗಿದ್ದಾಗಲೂ ದುಡಿಯುತ್ತಲೇ ಇರುತ್ತದೆ. ಶ್ರುತಿ ಮಾಡಿದ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೊ, ಅಂದರೆ ಒಬ್ಬ ದೊಡ್ಡ ಆಳಿನ ತೂಕ. ಅದನ್ನು ತಡೆದು ನಿಂತಿರುವುದು ಎರಡೂವರೆ–ಮೂರು ಮಿಲಿಮೀಟರ್ ದಪ್ಪದ ಮೇಲ್ಹಲಗೆ, ಅದರ ಒಳಮೈಗೆ ಅಂಟಿಸಿದ ಮರದ ಪಟ್ಟಿಗಳು ಮತ್ತು ಉದ್ದನೆಯ ತೆಳು ಕುತ್ತಿಗೆ. ಈ ಕುತ್ತಿಗೆಯ ತುದಿಯಲ್ಲಿ, ಬಿರಡೆಗಳಿರುವ ತಲೆಭಾಗ ಶುರುವಾಗುವ ಕಡೆಯಲ್ಲಿ ಗಿಟಾರ್‌ನ ಪ್ರಾಣವಿದೆ. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಮಾದರಿಯನ್ನೇ ನೋಡಿ. ತಲೆ ಹಿಂದಕ್ಕೆ 17 ಡಿಗ್ರಿಯಷ್ಟು ಬಾಗಿರುತ್ತದೆ. ಕುತ್ತಿಗೆಯ ಮಹೋಗನಿ ಮರದ ಎಳೆಗಳು ಉದ್ದುದ್ದ ಸಾಗುವುದರಿಂದ ಬಾಗಿದ ಜಾಗದಲ್ಲಿ ಅವು ಓರೆಯಾಗಿ ತುಂಡಾಗಿರುತ್ತವೆ. ಸಾಲದ್ದಕ್ಕೆ ಒಳಗಿನ ಕಬ್ಬಿಣದ ಸರಳು, ಟ್ರಸ್ ರಾಡ್, ತಿರುಗಿಸಲೆಂದು ಅಲ್ಲಿಯೇ ಮರವನ್ನು ಕೊರೆದು ತೆಗೆದಿರುತ್ತಾರೆ.

ಇನ್ನು ಕೇಸು ಬೀಳುವ ಬಗೆ. ನಿಂತಿದ್ದ ಕೇಸು ಬೆನ್ನ ಮೇಲೆ ದೊಪ್ಪನೆ ಬಿದ್ದಾಗ ಗಿಟಾರ್‌ನ ಮೈ ಕೇಸಿನ ತಳಕ್ಕೆ ತಾಗಿ ನಿಲ್ಲುತ್ತದೆ. ಲೋಹದ ಬಿರಡೆಗಳ ಭಾರ ಹೊತ್ತ ತಲೆ ಮಾತ್ರ ನಿಲ್ಲದೆ ಹಿಂದಕ್ಕೆ ಜೀಕುತ್ತದೆ. ತಂತಿಗಳ ಎಳೆತ ಬೇರೆ ಸೇರಿಕೊಂಡು ಕುತ್ತಿಗೆ ಅಲ್ಲಿಯೇ ಸೀಳುತ್ತದೆ. ಕೇಸಿನ ಹೊರಮೈಯಲ್ಲಿ ಒಂದು ಗೀರೂ ಇರುವುದಿಲ್ಲ, ಒಳಗೆ ತಲೆ ತಂತಿಗೆ ಜೋತಾಡುತ್ತಿರುತ್ತದೆ. ‘ಕೇಸೇ ಸರಿಯಾಗಿದೆಯಲ್ಲ, ಮೊದಲೇ ಮುರಿದಿತ್ತೇನೋ’ ಎಂದು ಸಾಗಣೆಯವರು ವಾದಿಸುವುದು ಇದೇ ಕಾರಣಕ್ಕೆ. ಒಡೆದದ್ದನ್ನು ಅಂಟಿಸಿ ಮತ್ತೆ ನುಡಿಸಬಹುದು, ನಿಜ. ಮಾರಲು ಹೋದರೆ ಬೆಲೆ ಪಾತಾಳಕ್ಕೆ ಇಳಿದಿರುತ್ತದೆ.

ಇದಕ್ಕೆ ಪರಿಹಾರ ಮನೆಯಲ್ಲೇ ಇದೆ. ಗಟ್ಟಿ ಕೇಸಿನೊಳಗೆ ಗಿಟಾರ್ ಮಲಗಿಸಿ ಮೊದಲು ನೋಡಬೇಕಾದ್ದು, ತಲೆಯ ತುದಿ ಕೇಸಿಗೆ ತಾಗುತ್ತಿದೆಯೇ ಎಂದು. ತಾಗಬಾರದು. ಕುತ್ತಿಗೆಯ ಕೆಳಗೆ, ತಲೆ ಶುರುವಾಗುವುದಕ್ಕೆ ಸ್ವಲ್ಪ ಹಿಂದೆ, ಹಳೆಯ ಬನಿಯನ್ನನ್ನೋ ಟವಲನ್ನೋ ಮಡಿಸಿ ಬಿಗಿಯಾಗಿ ಇಡಬೇಕು. ತಲೆಯ ಎರಡೂ ಬದಿಗೆ, ಮೇಲೆ ಮುಚ್ಚಳಕ್ಕೂ ಅದಕ್ಕೂ ನಡುವೆ, ಬಟ್ಟೆಯನ್ನೋ ಕಾಗದವನ್ನೋ ಹಗುರವಾಗಿ ತುಂಬಬೇಕು. ತಂತಿಗಳನ್ನು ಒಂದೆರಡು ಸ್ವರದಷ್ಟು ಸಡಿಲಿಸಿದರೆ ಸಾಕು. ಪೂರ್ತಿ ಬಿಚ್ಚಿ ಎಸೆದರೆ, ತಂತಿಯ ಎಳೆತಕ್ಕೆ ಎದುರಾಗಿ ಬಿಗಿದಿಟ್ಟ ಟ್ರಸ್ ರಾಡು ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸುತ್ತದೆ. ಕೇಸಿನ ಸಣ್ಣ ಖಾನೆಯಲ್ಲಿರುವ ಕೇಪೊ, ಟ್ಯೂನರ್, ಕತ್ತರಿಗಳನ್ನು ತೆಗೆದು ಬೇರೆ ಇಡಬೇಕು; ದಾರಿಯುದ್ದಕ್ಕೂ ಕುಲುಕಿ ಮೆರುಗನ್ನು ಕೆರೆಯುವುದು ಇವೇ. ಎಲ್ಲ ಆದ ಮೇಲೆ ಮುಚ್ಚಳ ಹಾಕಿ ಕೇಸನ್ನು ಮೆಲ್ಲಗೆ ಅಲ್ಲಾಡಿಸಿ ನೋಡಬೇಕು. ಒಳಗೆ ಏನಾದರೂ ಕದಲಿದ ಸದ್ದು ಬಂದರೆ ಕೆಲಸ ಮುಗಿದಿಲ್ಲ ಎಂದೇ ಅರ್ಥ. ಕೇಸಿಗೆ ಹೊರಗಿನಿಂದ ಇನ್ನೊಂದು ರಟ್ಟಿನ ಪೆಟ್ಟಿಗೆ ಬೇಕು. ವಾದ್ಯದ ಅಂಗಡಿಯವರಿಗೆ ಹೊಸ ಗಿಟಾರ್‌ಗಳು ಉದ್ದನೆಯ ದಪ್ಪ ಪೆಟ್ಟಿಗೆಗಳಲ್ಲೇ ಬರುತ್ತವೆ. ಕೇಳಿದರೆ ಖಾಲಿ ಪೆಟ್ಟಿಗೆ ಕೊಡುತ್ತಾರೆ.

ಎಲೆಕ್ಟ್ರಿಕ್ ಗಿಟಾರ್ ಇರುವವರಿಗೆ ಇನ್ನೊಂದು ಅನುಕೂಲ. ಲಿಯೋ ಫೆಂಡರ್ 1950ರ ದಶಕದಲ್ಲಿ ತಯಾರಿಸಿದ ಟೆಲಿಕ್ಯಾಸ್ಟರ್, ಸ್ಟ್ರಾಟೊಕ್ಯಾಸ್ಟರ್ ಮಾದರಿಗಳ ಕುತ್ತಿಗೆ ನಿಂತಿರುವುದು ನಾಲ್ಕು ಸ್ಕ್ರೂಗಳ ಮೇಲೆ. ತಂತಿ ತೆಗೆದು, ಸ್ಕ್ರೂ ಬಿಚ್ಚಿ, ಎರಡು ಭಾಗ ಮಾಡಿ ದೊಡ್ಡ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಮಲಗಿಸಬಹುದು. ಅಂಟಿಸಿದ ಕುತ್ತಿಗೆಯ ಗಿಟಾರ್‌ಗೆ ಈ ಸೌಲಭ್ಯವಿಲ್ಲ.

ಪೆಟ್ಟು ಕಣ್ಣಿಗೆ ಕಾಣುತ್ತದೆ, ಬಿಸಿ ಕಾಣುವುದಿಲ್ಲ. ಬೇಸಿಗೆಯಲ್ಲಿ ವಿದರ್ಭದ ಹೆದ್ದಾರಿಯಲ್ಲಿ ನಿಂತ ಲಾರಿಯ ಮುಚ್ಚಿದ ತಗಡಿನ ಡಬ್ಬದೊಳಗೆ, ಇಲ್ಲವೇ ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ, ಶಾಖ 50 ಡಿಗ್ರಿ ದಾಟುವುದು ಕಷ್ಟವೇನಲ್ಲ. ಮರಗೆಲಸದಲ್ಲಿ ಸಾಮಾನ್ಯವಾಗಿ ಬಳಸುವ ಅಂಟು 60–65 ಡಿಗ್ರಿಯ ಹತ್ತಿರ ಬಲ ಕಳೆದುಕೊಳ್ಳತೊಡಗುತ್ತದೆ. ತಂತಿಗಳು ಎಳೆಯುತ್ತಲೇ ಇರುವುದರಿಂದ ಅವುಗಳ ಬುಡ ಹಿಡಿದಿರುವ ಬ್ರಿಡ್ಜ್ ಮೆಲ್ಲಗೆ ಮೇಲೇಳುತ್ತದೆ. ವೀಣೆಯವರಿಗೆ ಈ ಸಂಕಟ ಇನ್ನೂ ಚೆನ್ನಾಗಿ ಗೊತ್ತು. ವೀಣೆಯ 24 ಮೆಟ್ಟಿಲುಗಳು ಕುಳಿತಿರುವುದೇ ಮೇಣದ ಮೇಲೆ. ಒಂದು ಮಧ್ಯಾಹ್ನದ ಬಿಸಿಲಿಗೆ ಆ ಮೇಣ ಮೆತ್ತಗಾದರೆ ಮೆಟ್ಟಿಲು ಕೂದಲೆಳೆಯಷ್ಟು ಸರಿಯುತ್ತದೆ, ಸ್ವರ ಕೆಡುತ್ತದೆ, ಮೇಳ ಕಟ್ಟಿಸಲು ಮತ್ತೆ ಕಸುಬುದಾರರನ್ನು ಹುಡುಕಬೇಕಾಗುತ್ತದೆ.

ತೇವಾಂಶದ ಕಥೆ ಬೇರೆ. ಘನ ಮರದ ಗಿಟಾರ್‌ಗೆ ಹಿತವಾದದ್ದು ಗಾಳಿಯಲ್ಲಿ ಶೇ 45ರಿಂದ 55ರಷ್ಟು ತೇವಾಂಶ. ಮಂಗಳೂರಿನ ಮಳೆಗಾಲದಲ್ಲಿ ಅದು ಇದಕ್ಕಿಂತ ಬಹಳ ಮೇಲಿರುತ್ತದೆ. ಮರ ನೀರು ಹೀರಿ ಉಬ್ಬುತ್ತದೆ, ತಂತಿಗಳು ಮೇಲೆದ್ದು ಒತ್ತಲು ಕಷ್ಟವಾಗುತ್ತದೆ. ಅದೇ ಗಿಟಾರ್ ಚಳಿಗಾಲದಲ್ಲಿ ಟೊರಾಂಟೊ ಅಥವಾ ಬಾಸ್ಟನ್ನಿನ ಹೀಟರ್ ಹಾಕಿದ ಮನೆ ಸೇರಿದರೆ ತಿರುಗುಮುರುಗು. ಮರ ಒಣಗಿ ಕುಗ್ಗುತ್ತದೆ, ಕುತ್ತಿಗೆಯ ಮೇಲಿನ ಲೋಹದ ಮೆಟ್ಟಿಲು, ಅಂದರೆ ಫ್ರೆಟ್, ಕುಗ್ಗುವುದಿಲ್ಲ. ಕುತ್ತಿಗೆಯ ಅಂಚಿನ ಮೇಲೆ ಬೆರಳಾಡಿಸಿದರೆ ಫ್ರೆಟ್‌ಗಳ ತುದಿ ಚುಚ್ಚುತ್ತದೆ. ಅದು ಮೊದಲ ಎಚ್ಚರಿಕೆ. ಅಲಕ್ಷಿಸಿದರೆ ಮುಂದೆ ಮೇಲ್ಹಲಗೆಯೇ ಉದ್ದಕ್ಕೆ ಬಿರುಕು ಬಿಡುತ್ತದೆ. ಒದ್ದೆಯಾದೀತೆಂದು ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಸುರಿಯುವವರು ಕಡಲಾಚೆಯ ಪ್ರಯಾಣದಲ್ಲಿ ತಾವೇ ಹಾನಿ ಮಾಡಿದಂತೆ. ಅವು ಹೀರುತ್ತವೆಯೇ ಹೊರತು ಎಲ್ಲಿ ನಿಲ್ಲಿಸಬೇಕೆಂದು ಅವಕ್ಕೆ ತಿಳಿಯದು. ಬೇಕಾದಾಗ ಹೀರಿ, ಬೇಕಾದಾಗ ಬಿಡುವ ತೇವ ನಿಯಂತ್ರಕ ಪೊಟ್ಟಣಗಳು ವಾದ್ಯದ ಅಂಗಡಿಯಲ್ಲಿ ಸಿಗುತ್ತವೆ. ಹೊಸ ಊರು ತಲುಪಿದ ಮೇಲೂ ಅವಸರ ಬೇಡ. ಮುಚ್ಚಿದ ಕೇಸನ್ನು ಒಂದು ದಿನ ಹಾಗೆಯೇ ಬಿಟ್ಟು, ಅಲ್ಲಿನ ಹವೆಗೆ ಹೊಂದಿಕೊಂಡ ಮೇಲೆ ತೆರೆಯಬೇಕು. ಪ್ಲೈವುಡ್‌ನ ಅಗ್ಗದ ಗಿಟಾರ್‌ಗಳು ಈ ಏರಿಳಿತವನ್ನು ಹೆಚ್ಚು ತಾಳಿಕೊಳ್ಳುತ್ತವೆ. ದುಬಾರಿಯದೇ ಹೆಚ್ಚು ಸೂಕ್ಷ್ಮ.

ಇಷ್ಟೆಲ್ಲ ಮಾಡಿಯೂ ವಾದ್ಯ ಬೇರೆಯವರ ಕೈಗೆ ಹೋದ ಮೇಲೆ ಏನಾಗಬಹುದು ಎಂಬುದಕ್ಕೆ ಕೆನಡಾದ ಗಾಯಕ ಡೇವ್ ಕ್ಯಾರಲ್ ಅವರ ಪ್ರಸಂಗವೇ ಸಾಕ್ಷಿ. 2008ರ ಮಾರ್ಚ್ 31ರಂದು ಅವರು ಹ್ಯಾಲಿಫ್ಯಾಕ್ಸ್‌ನಿಂದ ಷಿಕಾಗೊ ಮೂಲಕ ಒಮಾಹಾಗೆ ಯುನೈಟೆಡ್ ಏರ್‌ಲೈನ್ಸ್‌ನಲ್ಲಿ ಹೊರಟಿದ್ದರು. ಷಿಕಾಗೊದಲ್ಲಿ ವಿಮಾನ ನಿಂತಾಗ, ಕೆಳಗೆ ಗಿಟಾರ್‌ಗಳನ್ನು ಎಸೆಯುತ್ತಿದ್ದಾರೆ ಎಂದು ಹಿಂದಿನ ಸೀಟಿನ ಪ್ರಯಾಣಿಕರೊಬ್ಬರು ಕೂಗಿದರು. 3,500 ಡಾಲರ್‌ನ ಟೇಲರ್ ಗಿಟಾರ್ ಒಡೆದಿತ್ತು, ರಿಪೇರಿಗೆ 1,200 ಡಾಲರ್ ಬಿತ್ತು. 24 ಗಂಟೆಯೊಳಗೆ ದೂರು ದಾಖಲಿಸಲಿಲ್ಲ ಎಂಬ ಕಾರಣ ಕೊಟ್ಟು ಕಂಪನಿ ಪರಿಹಾರ ನಿರಾಕರಿಸಿತು. ಒಂಬತ್ತು ತಿಂಗಳು ಪತ್ರ ಬರೆದು ಸೋತ ಕ್ಯಾರಲ್ 2009ರ ಜುಲೈನಲ್ಲಿ ‘ಯುನೈಟೆಡ್ ಬ್ರೇಕ್ಸ್ ಗಿಟಾರ್ಸ್’ ಎಂಬ ಹಾಡನ್ನು ಯೂಟ್ಯೂಬಿಗೆ ಹಾಕಿದರು. ಅದನ್ನು ನೋಡಿದವರ ಸಂಖ್ಯೆ ಎರಡು ಕೋಟಿ ದಾಟಿದೆ. ಹಾಡು ಊರೆಲ್ಲ ಹಬ್ಬಿದ ಮೇಲೆ ಕಂಪನಿ ಒಂದು ಸಂಗೀತ ಸಂಸ್ಥೆಗೆ 3,000 ಡಾಲರ್ ದೇಣಿಗೆ ಕೊಟ್ಟಿತು.

ಹಾಡು ಕಟ್ಟಿ ಜಗತ್ತನ್ನು ನಗಿಸಬಲ್ಲವರಿಗೆ ಸಿಕ್ಕ ನ್ಯಾಯ ಇದು. ಉಳಿದವರ ಪಾಡೇನು?

ನಮ್ಮಲ್ಲಿ ಹೆಸರಾಂತರೂ ಈ ಬಿಸಿಯಿಂದ ತಪ್ಪಿಸಿಕೊಂಡಿಲ್ಲ. 2014ರ ಜೂನ್‌ನಲ್ಲಿ ಲಂಡನ್‌ನಿಂದ ದೆಹಲಿಗೆ ಮರಳಿದ ಉಸ್ತಾದ್ ಅಮ್ಜದ್ ಅಲಿ ಖಾನ್ ಅವರ ಸರೋದ್ ಲಗೇಜಿನ ಬೆಲ್ಟಿನ ಮೇಲೆ ಬರಲೇ ಇಲ್ಲ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅವರು ನುಡಿಸಿದ ವಾದ್ಯ ಅದು. ಕೆಲವು ದಿನಗಳ ತರುವಾಯ ಸಿಕ್ಕಿತು. ರವಿಶಂಕರ್ ಅವರ ಶಿಷ್ಯ, ಕರ್ನಾಟಕ ಮೂಲದ ಶುಭೇಂದ್ರ ರಾವ್ 2018ರಲ್ಲಿ ನ್ಯೂಯಾರ್ಕ್‌ಗೆ ಹೋದಾಗ ಅವರ ಸಿತಾರ್ ಒಡೆದು ಕೈಸೇರಿತು. ಹೆಸರಿದ್ದವರ ದೂರು ಸುದ್ದಿಯಾಗುತ್ತದೆ. ಮದುವೆ ಆರತಕ್ಷತೆಗಳಲ್ಲಿ ನುಡಿಸಿ ಜೀವನ ಸಾಗಿಸುವ ಹುಡುಗನ ಗಿಟಾರ್ ಮುರಿದರೆ ಕೌಂಟರಿನಲ್ಲೇ ಮುಗಿದುಹೋಗುತ್ತದೆ.

ಕ್ಯಾರಲ್ ಹಾಡಿನ ಹೊತ್ತಿಗೆ ಅಮೆರಿಕದ ಸಂಗೀತಗಾರರ ಸಂಘಟನೆಗಳೂ ದನಿ ಎತ್ತುತ್ತಿದ್ದವು. 2012ರ ವಿಮಾನಯಾನ ಕಾಯ್ದೆಯಲ್ಲಿ ಸಂಗೀತ ವಾದ್ಯಗಳಿಗೆಂದೇ ಒಂದು ಸೆಕ್ಷನ್ ಸೇರಿತು. 2015ರ ಮಾರ್ಚ್‌ನಲ್ಲಿ ನಿಯಮ ಜಾರಿಗೆ ಬಂತು. ಪ್ರಯಾಣಿಕ ವಿಮಾನ ಹತ್ತುವ ಹೊತ್ತಿಗೆ ತಲೆ ಮೇಲಿನ ಖಾನೆಯಲ್ಲಿ ಜಾಗವಿದ್ದರೆ ಗಿಟಾರ್, ಪಿಟೀಲಿನಂಥ ಸಣ್ಣ ವಾದ್ಯಗಳನ್ನು ಒಯ್ಯಲು ಬಿಡಲೇಬೇಕು, ಮಾಮೂಲಿ ಕೈಚೀಲಕ್ಕಿಂತ ಹೆಚ್ಚು ಶುಲ್ಕ ಕೇಳುವಂತಿಲ್ಲ. ದೊಡ್ಡ ವಾದ್ಯಕ್ಕೆ ಒಂದು ಸೀಟಿನ ಟಿಕೆಟ್ ಕೊಳ್ಳಬಹುದು. ಇದರಿಂದ ಯಾವ ವಿಮಾನ ಕಂಪನಿಯೂ ಮುಳುಗಲಿಲ್ಲ.

ಭಾರತದಲ್ಲಿ ಆಯಾ ಕಂಪನಿ ಬರೆದುಕೊಂಡದ್ದೇ ನಿಯಮ. ಕೈಚೀಲಕ್ಕೆ ಸಾಮಾನ್ಯ ಮಿತಿ 7 ಕಿಲೊ. ಉದ್ದ, ಅಗಲ, ಎತ್ತರ ಸೇರಿ 115 ಸೆಂಟಿಮೀಟರ್. ಮಾಮೂಲಿ ಅಕೂಸ್ಟಿಕ್ ಗಿಟಾರ್‌ನ ಉದ್ದವೇ 100 ಸೆಂಟಿಮೀಟರ್ ಮೀರುತ್ತದೆ. ಹಾಗಾಗಿ ಒಳಗೆ ಬಿಡುವುದೂ ಬಿಡದಿರುವುದೂ ಬಾಗಿಲಲ್ಲಿ ನಿಂತ ಸಿಬ್ಬಂದಿಯ ಮರ್ಜಿ. ಹೋಗುವಾಗ ಬಿಟ್ಟವರು ಬರುವಾಗ ತಡೆಯುತ್ತಾರೆ. ರೈಲ್ವೆಯ ನಿಯಮ ಪುಸ್ತಕದಲ್ಲೂ ಬೋಗಿಯೊಳಗಿನ ಪೆಟ್ಟಿಗೆಗೆ 100 ಸೆಂಟಿಮೀಟರ್ ಉದ್ದದ ಮಿತಿ ಇದೆ. ಅಳೆಯುವ ಟಿಟಿಇ ಅಪರೂಪವಾದ್ದರಿಂದ ಮೇಲಿನ ಬರ್ತ್‌ನಲ್ಲಿ ಗಿಟಾರ್ ನೆಮ್ಮದಿಯಾಗಿ ಪ್ರಯಾಣ ಮಾಡುತ್ತದೆ. ನಿಜ ಹೇಳಬೇಕೆಂದರೆ ದೇಶದೊಳಗಿನ ದೂರ ಪ್ರಯಾಣಕ್ಕೆ ರೈಲಿಗಿಂತ ಕ್ಷೇಮದ ದಾರಿ ಇನ್ನೊಂದಿಲ್ಲ. ರಾತ್ರಿ ಬಸ್ಸಿನಲ್ಲಾದರೆ ಸ್ಲೀಪರ್ ಬರ್ತ್‌ನಲ್ಲಿ ಪಕ್ಕಕ್ಕೇ ಮಲಗಿಸಿಕೊಳ್ಳಬೇಕು. ಪಾರ್ಸಲ್ ಮೂಟೆಗಳು ಉರುಳಾಡುವ ಡಿಕ್ಕಿಗೆ ಕೊಡಬಾರದು.

ಕಾನೂನಿನಲ್ಲಿ ರಕ್ಷಣೆ ಏನೂ ಇಲ್ಲವೆಂದಲ್ಲ, ಇರುವುದನ್ನು ಬಳಸುವವರು ಕಡಿಮೆ. ಅಂತರರಾಷ್ಟ್ರೀಯ ವಿಮಾನ ಪ್ರಯಾಣಕ್ಕೆ ಅನ್ವಯಿಸುವ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿದೆ. ಅದರಡಿ ಲಗೇಜು ಹಾಳಾದರೆ ಒಬ್ಬ ಪ್ರಯಾಣಿಕನಿಗೆ ಸಿಗುವ ಗರಿಷ್ಠ ಪರಿಹಾರ, 2024ರ ಡಿಸೆಂಬರ್‌ನಲ್ಲಿ ಪರಿಷ್ಕರಣೆಯಾದಂತೆ, 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ). ರೂಪಾಯಿ ಲೆಕ್ಕದಲ್ಲಿ ಒಂದೂಮುಕ್ಕಾಲು ಲಕ್ಷದ ಆಸುಪಾಸು. ದೂರನ್ನು ಏಳು ದಿನದೊಳಗೆ ಬರಹದಲ್ಲಿ ಕೊಡಬೇಕು. ವಿಮಾನ ನಿಲ್ದಾಣ ಬಿಡುವ ಮುನ್ನವೇ ಕೇಸು ತೆರೆದು, ಫೋಟೊ ತೆಗೆದು, ಲಗೇಜು ಕೌಂಟರಿನಲ್ಲಿ ಹಾನಿಯ ವರದಿ ಬರೆಸಿಕೊಳ್ಳುವುದು ಇನ್ನೂ ಒಳ್ಳೆಯದು. ಮಿತಿಗಿಂತ ಬೆಲೆಬಾಳುವ ವಾದ್ಯವಾದರೆ, ಚೆಕ್-ಇನ್ ಮಾಡುವಾಗಲೇ ಬೆಲೆ ಘೋಷಿಸಿ ಹೆಚ್ಚುವರಿ ಶುಲ್ಕ ಕಟ್ಟುವ ಅವಕಾಶವೂ ಆ ಒಪ್ಪಂದದಲ್ಲಿದೆ. ದೇಶದೊಳಗಿನ ಪ್ರಯಾಣದಲ್ಲಿ ಮಾತ್ರ ಕೈ ಬಿಗಿ. 2019ರ ಪ್ರಯಾಣಿಕರ ಸನ್ನದಿನ ಪ್ರಕಾರ ಲಗೇಜಿಗೆ ಗರಿಷ್ಠ 20,000 ರೂಪಾಯಿ. ಒಳ್ಳೆಯ ಘನ ಮರದ ಗಿಟಾರ್‌ಗೆ ಇದು ಯಾವ ಮೂಲೆಗೂ ಸಾಲದು.

ರಸ್ತೆ ಸಾಗಣೆಗೆ 2007ರ ಕಾಯ್ದೆ ಇದೆ. ಹೆಚ್ಚಿನ ಬೆಲೆಯನ್ನು ಘೋಷಿಸದಿದ್ದರೆ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ದಾವೆ ಹೂಡುವ ಮುನ್ನ, ಬುಕಿಂಗ್ ಆದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಇಲ್ಲಿ ಎಡವುವವರೇ ಹೆಚ್ಚು. ಬೆಲೆಯ ಕಾಲಂ ಖಾಲಿ ಬಿಟ್ಟ ಪಟ್ಟಿಗೆ ಸಹಿ ಹಾಕಿ, ಮುರಿದ ಮೇಲೆ ಒಂದು ಲಕ್ಷದ ಗಿಟಾರ್ ಎಂದರೆ ನಂಬುವವರಾರು? ತಯಾರಕರ ಹೆಸರು, ಮಾದರಿ, ಸೀರಿಯಲ್ ನಂಬರ್, ಬೆಲೆ ಇಷ್ಟನ್ನೂ ಪಟ್ಟಿಯಲ್ಲಿ ಬರೆಸಬೇಕು. ತಲೆ, ಬ್ರಿಡ್ಜ್, ಹಿಂಬದಿಗಳ ಫೋಟೊ ತೆಗೆದಿಟ್ಟುಕೊಳ್ಳಬೇಕು.

ವಾದ್ಯ ಕಳುವಾದರೂ ಕಳೆದುಹೋದರೂ ಗುರುತು ಹಿಡಿಯಲು ಈ ಫೋಟೊ, ನಂಬರ್‌ಗಳೇ ಬೇಕು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಹಾಫ್ನರ್ ಬೇಸ್ ಗಿಟಾರ್ 1972ರಲ್ಲಿ ಲಂಡನ್‌ನ ಬೀದಿಯಲ್ಲಿ ನಿಲ್ಲಿಸಿದ್ದ ವ್ಯಾನಿನಿಂದ ಕಳುವಾಯಿತು. ಮತ್ತೆ ಸಿಕ್ಕ ಸುದ್ದಿ ಬಂದದ್ದು 2024ರಲ್ಲಿ. ರಾಕ್ ಸಂಗೀತಗಾರ ಪೀಟರ್ ಫ್ರ್ಯಾಂಪ್ಟನ್ ಅವರ 1954ರ ಲೆಸ್ ಪಾಲ್ ಕತೆ ಇನ್ನೂ ವಿಚಿತ್ರ. 1980ರಲ್ಲಿ ವೆನೆಜುವೆಲಾದ ಕರಾಕಸ್‌ನಲ್ಲಿ ಸರಕು ವಿಮಾನ ಪತನವಾದಾಗ ಅದೂ ಸುಟ್ಟುಹೋಯಿತೆಂದೇ ಎಲ್ಲರೂ ನಂಬಿದ್ದರು. 31 ವರ್ಷಗಳ ಮೇಲೆ, 2011ರಲ್ಲಿ, ಸುಟ್ಟ ಗುರುತು ಹೊತ್ತು ಒಡೆಯನ ಕೈಗೆ ಬಂತು.

ವಿದೇಶಕ್ಕೆ ಬಿಡಾರ ಬದಲಿಸುವ ಕನ್ನಡಿಗರು ಮರದ ಜಾತಿಯನ್ನೂ ತಿಳಿದಿರಬೇಕು. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ತಿರುಗಿದ್ದು ಭಾರತದ ರೋಸ್‌ವುಡ್ ಕಡೆಗೆ, ಅಂದರೆ ಕೊಡಗು, ಮಲೆನಾಡು, ನೀಲಗಿರಿಗಳ ನಮ್ಮ ಬೀಟೆ ಮರದ ಕಡೆಗೆ. ಇಂದು ಜಗತ್ತಿನ ಎಷ್ಟೋ ಒಳ್ಳೆಯ ಗಿಟಾರ್‌ಗಳ ಬೆನ್ನಲ್ಲಿರುವುದು ಬೀಟೆಯೇ. 2017ರ ಜನವರಿಯಲ್ಲಿ ಬೀಟೆ ಸೇರಿರುವ ಇಡೀ ಡಾಲ್ಬರ್ಜಿಯಾ ಕುಲ ಅಳಿವಿನಂಚಿನ ಜೀವಿಗಳ ವ್ಯಾಪಾರ ಒಪ್ಪಂದದ, ಅಂದರೆ ಸೈಟ್ಸ್‌ನ, ಎರಡನೇ ಅನುಬಂಧಕ್ಕೆ ಸೇರಿದಾಗ ಗಿಟಾರ್ ಮಾರುವವರೂ ಸಾಗಿಸುವವರೂ ಪರವಾನಗಿಗೆ ಅಲೆಯಬೇಕಾಯಿತು. 2019ರ ನವೆಂಬರ್‌ನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ. ಮೊದಲನೇ ಅನುಬಂಧದಲ್ಲಿರುವ ಬ್ರೆಜಿಲ್ ರೋಸ್‌ವುಡ್‌ಗೆ ಈ ವಿನಾಯಿತಿ ಇಲ್ಲ. ಹಳೆಯ ಗಿಟಾರ್ ಇರುವವರು ಗಡಿ ದಾಟುವ ಮುನ್ನ ಕಾಗದಪತ್ರ ಮಾಡಿಸಲೇಬೇಕು.

ವಾದ್ಯ ಸಾಗಿಸುವ ಕಷ್ಟಕ್ಕೆ ಕಲಾವಿದರೂ ಕುಶಲಕರ್ಮಿಗಳೂ ತಮ್ಮ ಮಟ್ಟಿಗೆ ದಾರಿ ಹುಡುಕಿಕೊಂಡಿದ್ದಾರೆ. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ ಬಂದ ಮೇಲೆ ದೊಡ್ಡ ತಂಬೂರಿ ಹೊತ್ತು ಊರೂರು ತಿರುಗುವ ಕಷ್ಟ ಎಷ್ಟೋ ಗಾಯಕರಿಗೆ ತಪ್ಪಿತು. ಗಿಟಾರ್ ಕಂಪನಿಗಳು ಪ್ರಯಾಣಕ್ಕೆಂದೇ ಪುಟ್ಟ ಮಾದರಿಗಳನ್ನು ತಂದಿವೆ. ಆದರೆ ಹತ್ತು ವರ್ಷ ನುಡಿಸಿ ಪಳಗಿದ ಗಿಟಾರ್‌ನ ಬದಲಿಗೆ ಇವು ನಿಲ್ಲಲಾರವು. ಮನೆ ಬದಲಿಸುವವರು ಒಯ್ಯಬೇಕಾಗಿರುವುದೂ ಅದನ್ನೇ.

ಆದ್ದರಿಂದ ಮಾಲೀಕರು ಮಾಡಬೇಕಾದ್ದನ್ನು ಮಾಡಲಿ: ಸಾಧ್ಯವಾದ ಮಟ್ಟಿಗೆ ಗಿಟಾರನ್ನು ಲಾರಿಗೆ ಹಾಕದೆ ಕೈಯಲ್ಲೇ ಒಯ್ಯಲಿ, ಹಾಕಲೇಬೇಕಾದರೆ ಕುತ್ತಿಗೆಗೆ ಆಸರೆ ಕೊಟ್ಟು ಕೊನೆಗೆ ಹೇರಿ ಮೊದಲು ಇಳಿಸಲಿ. ಉಳಿದದ್ದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಕೆಲಸ. ಜಾಗವಿದ್ದರೆ ಗಿಟಾರ್ ಗಾತ್ರದ ವಾದ್ಯವನ್ನು ಕ್ಯಾಬಿನ್‌ನಲ್ಲಿ ಒಯ್ಯುವ ಹಕ್ಕು, ಎಲ್ಲ ಕಂಪನಿಗಳಿಗೂ ಒಂದೇ ಅಳತೆ, ದೇಶೀಯ ಪ್ರಯಾಣದಲ್ಲೂ ಬೆಲೆ ಘೋಷಿಸಿ ಪೂರ್ಣ ಪರಿಹಾರ ಪಡೆಯುವ ಅವಕಾಶ. ಕೇಳುತ್ತಿರುವುದು ಈ ಮೂರೇ. ಲಗೇಜಿನ ಶುಲ್ಕ, ರದ್ದಾದ ವಿಮಾನದ ಪರಿಹಾರಗಳಿಗೆ ಮಾರ್ಗಸೂಚಿ ಹೊರಡಿಸುವ ನಿರ್ದೇಶನಾಲಯ ಇದಕ್ಕೂ ಒಂದು ಪುಟ ಸೇರಿಸಬಹುದು. ಸಂಗೀತ ಸಭೆಗಳು, ಕಲಾವಿದರ ಸಂಘಗಳು, ನಮ್ಮ ಸಂಸದರು ಈ ಬೇಡಿಕೆಯನ್ನು ದೆಹಲಿಗೆ ಮುಟ್ಟಿಸಬೇಕು.